ಚಕ್ರವಿರುವ ಮರಗೆಲಸದ ಮೇಜು: ಬ್ರೇಕ್ ಹಾಕಿದರೆ ಸಾಕೇ?

ಮನೆಯ ಕಾರ್ ಶೆಡ್ಡಿನಲ್ಲಿ ಮರಗೆಲಸ ಶುರು ಮಾಡಿದವರ ಫೋನಿಗೆ ಇಂಥ ವಿಡಿಯೋಗಳು ಮೇಲಿಂದ ಮೇಲೆ ಬರುತ್ತವೆ. ಮೇಜಿನ ನಾಲ್ಕು ಕಾಲಿಗೆ ನಾಲ್ಕು ಚಕ್ರ, ಚಕ್ರಕ್ಕೊಂದು ಬ್ರೇಕ್, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. "ಬೇಕಾದಾಗ ತಳ್ಳಿ, ಬೇಡವಾದಾಗ ಬ್ರೇಕ್ ಒತ್ತಿ" ಎನ್ನುವ ಸಲಹೆ ನೋಡಲು ಸರಿಯಾಗಿಯೇ ಇದೆ. ಆದರೆ ಅದೇ ಮೇಜಿನ ಮೇಲೆ ಹಲಗೆ ಇಟ್ಟು ಹತ್ತರಿ ಹೊಡೆದಾಗ, ಇಲ್ಲವೇ ಕರೆಂಟಿನ ಗರಗಸ ಓಡಿಸಿದಾಗ ಏನಾಗುತ್ತದೆ ಎಂಬುದನ್ನು ವಿಡಿಯೋ ತೋರಿಸುವುದಿಲ್ಲ.

ನಮ್ಮ ಉತ್ತರ ಚಿಕ್ಕದು. ಚಕ್ರ ಇರಲಿ, ಆದರೆ ಮೇಜನ್ನು ಸರಿಸುವಾಗ ಮಾತ್ರ ಅದು ಭಾರ ಹೊರಲಿ. ಕೆಲಸ ಮಾಡುವಾಗ ಮೇಜು ತನ್ನ ಕಾಲಿನ ಮೇಲೇ ನಿಲ್ಲಬೇಕು. ಇದು ಏಕೆ, ಮತ್ತು ಇಂಥ ಮೇಜನ್ನು ಮನೆಯಲ್ಲೇ ಹೇಗೆ ಮಾಡಿಕೊಳ್ಳಬಹುದು ಎಂದು ನೋಡೋಣ.

ಚಕ್ರದ ಮೇಜು ಯಾರಿಗೆ ಬೇಕು?

ನಮ್ಮ ಕಡೆಯ ಆಚಾರಿಗಳು ನೆಲದ ಮೇಲೆ ಕುಳಿತು, ಹಲಗೆಯನ್ನು ಕಾಲಲ್ಲೇ ಒತ್ತಿ ಹಿಡಿದು ಕೆಲಸ ಮಾಡುವುದನ್ನು ನೀವು ನೋಡಿರುತ್ತೀರಿ. ಅದು ವರ್ಷಗಟ್ಟಲೆ ರೂಢಿಯಿಂದ ಬಂದ ಕೌಶಲ. ವಾರಾಂತ್ಯದಲ್ಲಿ ಎರಡು ಗಂಟೆ ಹವ್ಯಾಸಕ್ಕೆ ಕೆಲಸ ಮಾಡುವವರಿಗೆ ನಿಂತು ಕೆಲಸ ಮಾಡುವ ಮೇಜೇ ಅನುಕೂಲ. ತೊಂದರೆ ಏನೆಂದರೆ, ಹಗಲು ಮೇಜು ಇಟ್ಟ ಜಾಗಕ್ಕೇ ರಾತ್ರಿ ಕಾರು ಅಥವಾ ಸ್ಕೂಟರ್ ಬರಬೇಕು. ಹಾಗಾಗಿ ಮೇಜು ಗೋಡೆಯ ಬದಿಗೆ ಸರಿಯಲೇಬೇಕು.

ಇನ್ನೊಂದು ಲಾಭವೂ ಇದೆ. ಧೂಳು ಏಳುವ ಕೆಲಸವಿದ್ದಾಗ ಮೇಜನ್ನು ಗೇಟಿನ ಬಳಿಯ ತೆರೆದ ಜಾಗಕ್ಕೆ ತಳ್ಳಿಕೊಂಡು ಹೋಗಬಹುದು. ಎಷ್ಟೋ ಮನೆಗಳಲ್ಲಿ ಪಾರ್ಕಿಂಗ್ ಜಾಗಕ್ಕೆ ಹೊಂದಿಕೊಂಡೇ ಹಾಲ್ ಅಥವಾ ಮಲಗುವ ಕೋಣೆಯ ಕಿಟಕಿ ಇರುತ್ತದೆ. ಮನೆಯವರ ಶ್ವಾಸಕೋಶಕ್ಕೆ ಇದು ಒಳ್ಳೆಯದು. ಇದರ ಬಗ್ಗೆ ಮುಂದೆ ಹೇಳುತ್ತೇವೆ.

ಬ್ರೇಕ್ ಹಾಕಿದ ಚಕ್ರ ನಿಜಕ್ಕೂ ನಿಲ್ಲುತ್ತದೆಯೇ?

ಅಗ್ಗದ ಕ್ಯಾಸ್ಟರ್ ಚಕ್ರದ ಬ್ರೇಕ್ ಮಾಡುವುದು ಒಂದೇ ಕೆಲಸ: ಚಕ್ರ ಉರುಳದಂತೆ ಹಿಡಿಯುವುದು. ಆದರೆ ಕ್ಯಾಸ್ಟರಿನಲ್ಲಿ ಎರಡು ಬಗೆಯ ತಿರುಗಾಟವಿದೆ. ಚಕ್ರ ತನ್ನ ಅಚ್ಚಿನ ಸುತ್ತ ಉರುಳುವುದು ಒಂದು, ಇಡೀ ಚಕ್ರವೇ ಎಡಕ್ಕೆ ಬಲಕ್ಕೆ ತಿರುಗುವುದು ಇನ್ನೊಂದು. ಎರಡನ್ನೂ ಹಿಡಿಯುವ ಬ್ರೇಕ್ ಇರುವ ಕ್ಯಾಸ್ಟರ್ ಬೇರೆ, ಅದಕ್ಕೆ ಬೆಲೆಯೂ ಹೆಚ್ಚು.

ಎರಡೂ ಬ್ರೇಕ್ ಇದ್ದರೂ ಸಡಿಲಿಕೆ ಪೂರ್ತಿ ಹೋಗುವುದಿಲ್ಲ. ತಿರುಗುವ ಜಾಗದ ಬೇರಿಂಗಿನಲ್ಲಿ ಸ್ವಲ್ಪ ಆಟ ಇದ್ದೇ ಇರುತ್ತದೆ. ರಬ್ಬರ್ ಚಕ್ರ ಒತ್ತಡಕ್ಕೆ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಪ್ರತಿ ಚಕ್ರದಲ್ಲಿ ಒಂದೆರಡು ಮಿಲಿಮೀಟರ್ ಅಲುಗಾಟವಿದ್ದರೂ ಮೇಜಿನ ಮೇಲ್ಭಾಗದಲ್ಲಿ ಅದು ಕೈಗೆ ಗೊತ್ತಾಗುವಷ್ಟಾಗುತ್ತದೆ. ಹತ್ತರಿ ಹೊಡೆಯುವಾಗ ನಿಮ್ಮ ಬಲದಲ್ಲಿ ಒಂದು ಪಾಲು ಮರ ಕೀಸುವ ಬದಲು ಮೇಜನ್ನು ತೂಗಲು ಖರ್ಚಾಗುತ್ತದೆ. ಉಳಿಯ ಕೆಲಸದಲ್ಲಾದರೆ ಗುರಿ ತಪ್ಪುತ್ತದೆ. ಓಡುತ್ತಿರುವ ವೃತ್ತಾಕಾರದ ಗರಗಸದ ಕೆಳಗೆ ಹಲಗೆ ಜರುಗಿದರೆ ಬ್ಲೇಡು ಸಿಕ್ಕಿಕೊಂಡು ಗರಗಸ ಹಿಂದಕ್ಕೆ ಚಿಮ್ಮಬಹುದು. ಬೆರಳು ಹೋಗುವುದು ಇಂಥ ಕ್ಷಣದಲ್ಲೇ.

ನೆಲದ ಇಳಿಜಾರನ್ನೂ ಮರೆಯಬಾರದು. ಮಳೆನೀರು ಹರಿದು ಹೋಗಲೆಂದು ಪಾರ್ಕಿಂಗ್ ನೆಲವನ್ನು ಸಾಮಾನ್ಯವಾಗಿ ಗೇಟಿನ ಕಡೆಗೆ ತುಸು ಇಳಿಜಾರು ಮಾಡಿರುತ್ತಾರೆ. 50 ಅಡಿಗೆ 1 ಅಡಿ ಇಳಿಜಾರು ಎಂದುಕೊಳ್ಳಿ, ಕಣ್ಣಿಗೆ ಅದು ಕಾಣುವುದೂ ಇಲ್ಲ. ಆದರೆ 120 ಕೆಜಿಯ ಮೇಜನ್ನು ಅದು ಸದಾ ಸುಮಾರು 2.4 ಕೆಜಿ ಭಾರದಷ್ಟು ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ನುಣುಪಾದ ನೆಲ, ಒಳ್ಳೆಯ ಬೇರಿಂಗಿನ ಚಕ್ರ, ಹಾಕಲು ಮರೆತ ಬ್ರೇಕ್, ಮೂರೂ ಸೇರಿದರೆ ಮೇಜು ತಾನಾಗಿಯೇ ಹೊರಡಬಹುದು. ಗೇಟಿನ ಆಚೆ ರಸ್ತೆ, ಗೇಟಿನ ಈಚೆ ಆಡುವ ಮಕ್ಕಳು. ಮೇಜು ಕಾಲಿನ ಮೇಲೆ ನಿಂತಿದ್ದರೆ ಈ ಭಯವೇ ಇಲ್ಲ.

ಹಾಗಾದರೆ ಚಕ್ರ ಜೋಡಿಸುವುದು ಹೇಗೆ?

ಮೂರು ದಾರಿಗಳಿವೆ.

ಒಂದನೆಯದು, ಕೈಗಾಡಿ ವಿಧಾನ. ಮೇಜಿನ ಒಂದು ಬದಿಯ ಎರಡು ಕಾಲುಗಳಿಗೆ ಮಾತ್ರ, ನೆಲದಿಂದ 2–3 ಮಿ.ಮೀ. ಮೇಲಿರುವಂತೆ, ತಿರುಗದ ಚಕ್ರ ಹಾಕಿ. ಇನ್ನೊಂದು ಬದಿಯನ್ನು ಎತ್ತಿದಾಗ ಚಕ್ರ ನೆಲ ಮುಟ್ಟುತ್ತದೆ, ಕೈಗಾಡಿಯಂತೆ ತಳ್ಳಬಹುದು. ಖರ್ಚು ಕಡಿಮೆ, ಕೆಡುವುದು ಏನೂ ಇಲ್ಲ. ಆದರೆ ಮೇಜಿನ ಸುಮಾರು ಅರ್ಧ ಭಾರವನ್ನು ನೀವೇ ಎತ್ತಬೇಕು. 60 ಕೆಜಿಯ ಖಾಲಿ ಮೇಜಾದರೆ 30 ಕೆಜಿ. ಸಾಮಾನು ತುಂಬಿ 120 ಕೆಜಿ ಆಗಿದ್ದರೆ 60 ಕೆಜಿ. ಬೆನ್ನುನೋವಿಗೆ ಇದು ನೇರ ದಾರಿ. ಹಗುರ ಮೇಜಿಗೆ ಮಾತ್ರ ಈ ವಿಧಾನ ಇರಲಿ.

ಎರಡನೆಯದು, ತುಳಿಯುವ ಹಲಗೆ. ಮೇಜಿನ ಎರಡೂ ಕಿರುಬದಿಗಳಲ್ಲಿ, ಕೆಳಗಿನ ಅಡ್ಡಪಟ್ಟಿಗೆ 8 ಇಂಚು ಅಗಲದ ಗಟ್ಟಿ ಹಲಗೆಯೊಂದನ್ನು ಬಾಗಿಲಿನ ಹಿಂಜ್‌ಗಳಿಂದ ಜೋಡಿಸಿ. ಹಲಗೆಯ ಅಡಿಯಲ್ಲಿ, ಹಿಂಜ್‌ನಿಂದ 3 ಇಂಚು ದೂರದಲ್ಲಿ, ಎರಡು ಕ್ಯಾಸ್ಟರ್ ಇರಲಿ. ಹಲಗೆಯ ಹೊರ ಅಂಚನ್ನು ಕಾಲಿನಿಂದ ತುಳಿದರೆ ಅದು ಏತದಂತೆ ಕೆಲಸ ಮಾಡಿ ಮೇಜಿನ ಆ ಬದಿಯನ್ನು ಎತ್ತುತ್ತದೆ. ಎದ್ದ ಮೇಜು ಹಾಗೇ ನಿಲ್ಲಲು, ಮೇಲಿನ ಅಡ್ಡಪಟ್ಟಿಯಿಂದ ಹಿಂಜ್‌ನಲ್ಲಿ ನೇತಾಡುವ ಒಂದು ಊರುಗೋಲು ಬೇಕು. ಅದರ ತುದಿ ಹಲಗೆಯ ಹೊರ ಅಂಚಿನ ಹತ್ತಿರ ಕೊರೆದ ಗಾಡಿಯಲ್ಲಿ ಕೂರುತ್ತದೆ. ಊರುಗೋಲನ್ನು ದಾರದಿಂದ ಎಳೆದರೆ ಮೇಜು ಮತ್ತೆ ಕಾಲಿನ ಮೇಲೆ ಕೂರುತ್ತದೆ. ಆಗ ಹಲಗೆಯನ್ನು ಮೇಲಕ್ಕೆ ಮಡಚಿ ಕೊಕ್ಕೆಗೆ ಸಿಕ್ಕಿಸಿದರೆ ಎಡವುವ ಭಯವಿಲ್ಲ. ಇಳಿಸುವಾಗ ನಿಮ್ಮ ಪಾದ ಮೇಜಿನ ಕಾಲಿನ ಕೆಳಗೆ ಇರದಂತೆ ನೋಡಿಕೊಳ್ಳಿ.

ಇಲ್ಲಿ ಲೆಕ್ಕ ನೋಡಿ. ಸಾಮಾನು ತುಂಬಿದ 120 ಕೆಜಿಯ ಮೇಜಿನ ಒಂದು ಬದಿ 60 ಕೆಜಿ. ಮೇಲಿನ ಅಳತೆಯಲ್ಲಿ ಅದನ್ನು ಎತ್ತಲು ಸುಮಾರು 36 ಕೆಜಿ ಭಾರದಷ್ಟು ತುಳಿದರೆ ಸಾಕು. ಕೈಯಲ್ಲಿ 60 ಕೆಜಿ ಎತ್ತುವುದಕ್ಕೂ ಕಾಲಿನ ಮೇಲೆ ಮೈಭಾರ ಬಿಡುವುದಕ್ಕೂ ಇರುವ ಅಂತರ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ.

ಮುಖ್ಯವಾದ ಅಳತೆ ಒಂದೇ. ಹಲಗೆ ಸಮತಟ್ಟಾಗಿದ್ದಾಗ ಅದರ ತಳವು ಮೇಜಿನ ಕಾಲಿನ ಬುಡದಿಂದ, ಕ್ಯಾಸ್ಟರಿನ ಒಟ್ಟು ಎತ್ತರಕ್ಕಿಂತ 1 ಸೆಂ.ಮೀ. ಕಡಿಮೆ ಎತ್ತರದಲ್ಲಿರಬೇಕು. ಆಗ ಮೇಜು ಸರಿಯಾಗಿ 1 ಸೆಂ.ಮೀ. ಮೇಲೇಳುತ್ತದೆ. ಅಂಗಡಿಯಿಂದ ಕ್ಯಾಸ್ಟರ್ ತಂದು ಅಳೆದ ಮೇಲೆಯೇ ಅಡ್ಡಪಟ್ಟಿಯ ಜಾಗ ಗುರುತು ಮಾಡಿ.

ಮೂರನೆಯದು, ಸಿದ್ಧ ಲೆವೆಲಿಂಗ್ ಕ್ಯಾಸ್ಟರ್. ಇದರಲ್ಲಿ ಚಕ್ರದ ಜೊತೆಗೇ ಒಂದು ರಬ್ಬರ್ ಪಾದ ಇರುತ್ತದೆ. ತಿರುಪನ್ನು ತಿರುಗಿಸಿದರೆ ಪಾದ ಕೆಳಗಿಳಿದು ಭಾರವನ್ನು ತಾನು ಹೊರುತ್ತದೆ, ಚಕ್ರ ನೆಲ ಬಿಡುತ್ತದೆ. ಕೆಲಸ ಸುಲಭ, ಖರ್ಚು ಹೆಚ್ಚು.

ಒಂದೇ ಪ್ಲೈವುಡ್ ಹಾಳೆ, ನಾಲ್ಕು ತುಂಡು

ಪ್ಲೈವುಡ್ಡಿನ ದೊಡ್ಡ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. 18 ಮಿ.ಮೀ. ದಪ್ಪದ ಒಂದು ಹಾಳೆಯನ್ನು 4 ಅಡಿ x 2 ಅಡಿಯ ನಾಲ್ಕು ಸಮ ತುಂಡು ಮಾಡಿದರೆ ಮೇಜಿಗೆ ಬೇಕಾದ ಹಲಗೆ ಅಷ್ಟೂ ಸಿಗುತ್ತದೆ, ಏನೂ ಉಳಿಯುವುದಿಲ್ಲ. ಎರಡು ತುಂಡನ್ನು ಒಂದರ ಮೇಲೊಂದು ಅಂಟಿಸಿದರೆ 36 ಮಿ.ಮೀ. ದಪ್ಪದ ಮೇಲ್ಮೈ. ಮೂರನೆಯದು ಕೆಳಗಿನ ಅಂತಸ್ತು. ನಾಲ್ಕನೆಯದು ಹಿಂಬದಿಯ ಹಲಗೆ.

ಹಾಳೆಯನ್ನು ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆಯೇ ಎಂದು ಕೇಳಿ. ಇಡೀ ಹಾಳೆ ಸುಮಾರು 35 ಕೆಜಿ ತೂಗುತ್ತದೆ, ಒಬ್ಬರೇ ಮನೆಯಲ್ಲಿ ನೇರವಾಗಿ ಕತ್ತರಿಸುವುದು ಕಷ್ಟ. ಗರಗಸ ತಿನ್ನುವ ಜಾಗದಿಂದಾಗಿ ಪ್ರತಿ ತುಂಡೂ ಒಂದೆರಡು ಮಿ.ಮೀ. ಕಿರಿದಾಗುತ್ತದೆ. ಆದ್ದರಿಂದ ಮೊದಲು ತುಂಡು ಅಳೆದು, ಆಮೇಲೆ ಚೌಕಟ್ಟು ಮಾಡಿ.

ಕಾಲಿಗೆ 3 x 3 ಇಂಚಿನ ಮರ, ಅಡ್ಡಪಟ್ಟಿಗೆ 3 x 2 ಇಂಚಿನ ಮರ ಸಾಕು. ತೇಗವೇ ಬೇಕೆಂದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಚೆನ್ನಾಗಿ ಒಣಗಿದ್ದರೆ ನಡೆಯುತ್ತದೆ. ಹಸಿ ಮರ ಮಾತ್ರ ಬೇಡ. ಒಣಗುತ್ತಾ ಅದು ಸೊಟ್ಟಗಾಗುತ್ತದೆ, ಕೂಡುಜಾಗ ಸಡಿಲವಾಗುತ್ತದೆ. ಕಾಲು ಮತ್ತು ಅಡ್ಡಪಟ್ಟಿ ಕೂಡುವಲ್ಲಿ ಅಂಟಿನ ಜೊತೆ ಬೋಲ್ಟು, ನಟ್ಟು, ವಾಶರ್ ಹಾಕಿ. ಮುಂದೆ ಸಡಿಲವಾದರೆ ಸ್ಪ್ಯಾನರಿನಿಂದ ಬಿಗಿ ಮಾಡಬಹುದು.

ಎತ್ತರ ಎಷ್ಟು? ಚಪ್ಪಲಿ ಅಥವಾ ಶೂ ಹಾಕಿ ನೇರವಾಗಿ ನಿಂತು ಕೈ ಇಳಿಬಿಡಿ. ನೆಲದಿಂದ ಮಣಿಕಟ್ಟಿನವರೆಗಿನ ಎತ್ತರ ಹೆಚ್ಚಿನ ಕೆಲಸಗಳಿಗೆ ಹೊಂದುತ್ತದೆ. ಅನೇಕರಿಗೆ ಇದು 32ರಿಂದ 35 ಇಂಚಿನ ಒಳಗೆ ಬರುತ್ತದೆ. ಹತ್ತರಿ ಕೆಲಸವೇ ಹೆಚ್ಚಾದರೆ ಒಂದೆರಡು ಇಂಚು ತಗ್ಗಿಸಿ, ಮೈಭಾರ ಹಾಕಿ ತಳ್ಳಲು ಅನುಕೂಲ.

ಹಿಂಬದಿಯ ಹಲಗೆ ಏಕೆ?

ಬೆಂಕಿಪೆಟ್ಟಿಗೆಯ ಒಳಗಿನ ಡಬ್ಬಿಯನ್ನು ತೆಗೆದು ಹೊರಕವಚವನ್ನು ಪಕ್ಕದಿಂದ ಒತ್ತಿ ನೋಡಿ. ಕೂಡಲೇ ವಾಲುತ್ತದೆ. ಡಬ್ಬಿಯನ್ನು ಮತ್ತೆ ಒಳಗಿಟ್ಟು ಒತ್ತಿದರೆ ಅಲುಗಾಡುವುದಿಲ್ಲ. ನಾಲ್ಕು ಕಡ್ಡಿಗಳ ಚೌಕ ಮೂಲೆಗಳಲ್ಲಿ ವಾಲುವುದು ಸಹಜ, ತ್ರಿಕೋನ ಅಥವಾ ಇಡಿಯಾದ ಹಲಗೆ ವಾಲುವುದಿಲ್ಲ. ಮೇಜಿನ ಹಿಂಬದಿಗೆ ಪ್ಲೈವುಡ್ ಹಲಗೆಯನ್ನು ಅಂಟು ಮತ್ತು ಸ್ಕ್ರೂ ಹಾಕಿ ಕೂರಿಸಿದರೆ ಉದ್ದಕ್ಕೆ ತೂಗಾಡುವುದು ನಿಲ್ಲುತ್ತದೆ. ಕಿರುಬದಿಗಳಿಗೆ ಮೂಲೆಯಿಂದ ಮೂಲೆಗೆ ಒಂದೊಂದು ಓರೆಪಟ್ಟಿ ಹೊಡೆಯಿರಿ, ಊರುಗೋಲಿಗೆ ಅಡ್ಡ ಬರದಂತೆ ಒಳಬದಿಯಿಂದ. ಕಾಲನ್ನು ದಪ್ಪ ಮಾಡುವುದಕ್ಕಿಂತ ಇದರಿಂದ ಲಾಭ ಹೆಚ್ಚು.

ಚಕ್ರ ಎಷ್ಟು ಭಾರ ಹೊರಬೇಕು?

"ನಾಲ್ಕು ಚಕ್ರ, ಹಾಗಾಗಿ ಭಾರವನ್ನು ನಾಲ್ಕರಿಂದ ಭಾಗಿಸಿ" ಎನ್ನುವುದು ತಪ್ಪು ಲೆಕ್ಕ. ಮೂರು ಕಾಲಿನ ಸ್ಟೂಲ್ ಎಂಥ ನೆಲದಲ್ಲೂ ಕುಲುಕುವುದಿಲ್ಲ, ನಾಲ್ಕು ಕಾಲಿನದು ಕುಲುಕುತ್ತದೆ. ಏಕೆಂದರೆ ಏರುಪೇರಾದ ನೆಲದಲ್ಲಿ ಒಮ್ಮೆಗೆ ಮೂರು ಕಾಲು ಮಾತ್ರ ಸರಿಯಾಗಿ ಊರುತ್ತವೆ. ಚಕ್ರಕ್ಕೂ ಇದೇ ನಿಯಮ. ಒಟ್ಟು ಭಾರವನ್ನು ಮೂರರಿಂದ ಭಾಗಿಸಿ. ನಮ್ಮ ಮೇಜು ಸುಮಾರು 60 ಕೆಜಿ, ಸಾಮಾನು 60 ಕೆಜಿ, ಒಟ್ಟು 120. ಪ್ರತಿ ಚಕ್ರಕ್ಕೆ 40 ಕೆಜಿ. ಹಳ್ಳಕ್ಕೆ ಬಿದ್ದಾಗಿನ ಹೊಡೆತ ಸೇರಿಸಿ 60 ಕೆಜಿ ಅಥವಾ ಹೆಚ್ಚು ಹೊರುವ ಚಕ್ರ ತನ್ನಿ.

ಚಕ್ರ ದೊಡ್ಡದಿದ್ದಷ್ಟೂ ಒಳ್ಳೆಯದು. ಪಾರ್ಕಿಂಗ್ ಟೈಲ್ಸ್‌ನ ಸಂದಿನಲ್ಲಿ 2 ಇಂಚಿನ ಚಕ್ರ ಸಿಕ್ಕಿಕೊಳ್ಳುತ್ತದೆ, 4 ಇಂಚಿನದು ದಾಟಿ ಹೋಗುತ್ತದೆ.

ಮೇಜು ಮಗುಚುವುದು ಹೆಚ್ಚಾಗಿ ಸರಿಸುವಾಗ. ಚಕ್ರ ಕಲ್ಲಿಗೆ ತಾಗಿ ನಿಂತರೂ ಮೇಲ್ಭಾಗ ಮುಂದಕ್ಕೆ ಹೋಗುತ್ತದೆ. 2 ಅಡಿ ಅಗಲದ ಮೇಜಿನ ಭಾರದ ಕೇಂದ್ರ 2 ಅಡಿ ಎತ್ತರದಲ್ಲಿದ್ದರೆ, ಅಡ್ಡಕ್ಕೆ ಸುಮಾರು 27 ಡಿಗ್ರಿ ವಾಲಿದರೆ ಉರುಳುತ್ತದೆ. ಉದ್ದಕ್ಕಾದರೆ 45 ಡಿಗ್ರಿಯವರೆಗೂ ತಡೆಯುತ್ತದೆ. ಆದ್ದರಿಂದ ಮೇಜನ್ನು ಯಾವಾಗಲೂ ಉದ್ದದ ದಿಕ್ಕಿಗೆ ತಳ್ಳಿ. ಭಾರದ ಸಾಮಾನನ್ನು ಕೆಳಗಿನ ಅಂತಸ್ತಿನಲ್ಲಿಡಿ. ಸರಿಸುವಾಗ ಮೇಜಿನ ಮೇಲೆ ಉಳಿ, ಗರಗಸ ಇರಬಾರದು, ಮಕ್ಕಳು ಹತ್ತಿ ಕೂರಬಾರದು.

ಕೇಳಿಬರುವ ಮಾತು, ನಿಜ ಸಂಗತಿ

"ಪ್ಲೈವುಡ್ ಅಂದರೆ ವಾಟರ್‌ಪ್ರೂಫ್, ಗೆದ್ದಲೂ ಹಿಡಿಯುವುದಿಲ್ಲ."
ಇಲ್ಲ. ಎಂಆರ್ ದರ್ಜೆಯದು ತೇವವನ್ನು ಸ್ವಲ್ಪ ತಡೆಯುತ್ತದೆ, ನೆನೆದರೆ ಪದರ ಬಿಡುತ್ತದೆ. ಮಳೆಯ ಎರಚಲು ಬೀಳುವ ಶೆಡ್ಡಿಗೆ ಬಿಡಬ್ಲ್ಯುಆರ್ ಅಥವಾ ಐಎಸ್ 710 ಗುರುತಿನ ಮೆರೈನ್ ಪ್ಲೈ ಒಳ್ಳೆಯದು. ಗೆದ್ದಲು ಪ್ಲೈವುಡ್ಡನ್ನೂ ತಿನ್ನುತ್ತದೆ. ಆದರೆ ನೆಲದಿಂದ ಬರುವ ಗೆದ್ದಲಿಗೆ ಮಣ್ಣಿನ ದಾರಿ ಕಟ್ಟಿಕೊಳ್ಳಬೇಕು. ಆಗಾಗ ಸರಿಯುವ ಮೇಜಿನ ಕಾಲಿನಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಚಕ್ರದ ಮೇಜಿನ ಇನ್ನೊಂದು ಉಪಯೋಗ ಇದು.

"ಪ್ಯಾಕಿಂಗ್ ಪೆಟ್ಟಿಗೆಯ ಮರವೆಲ್ಲ ವಿಷ."
ಎಲ್ಲವೂ ಅಲ್ಲ. ವಿದೇಶದಿಂದ ಬರುವ ಪ್ಯಾಲೆಟ್ ಮರದ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಎಚ್‌ಟಿ' ಎಂದಿದ್ದರೆ ಕೀಟ ಸಾಯಲು ಮರವನ್ನು ಬಿಸಿ ಮಾಡಿದ್ದಾರೆ ಎಂದರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದಾರೆ. ಅದನ್ನು ಬಿಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆಯಿದ್ದರೂ ಬೇಡ.

"ಎಂಸಿಬಿ ಇದೆ, ಶಾಕ್ ಹೊಡೆಯುವುದಿಲ್ಲ."
ಇದು ಅಪಾಯದ ನಂಬಿಕೆ. ಮನೆಯ ಎಂಸಿಬಿ 6, 10 ಅಥವಾ 16 ಆಂಪಿಯರ್ ಮೀರಿದಾಗ ಕೆಲಸ ಮಾಡುತ್ತದೆ. ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲಿಗೂ ಕಡಿಮೆ ಸಾಕಾಗಬಹುದು. ಜೀವ ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸರಿಯುವ ಮೇಜಿಗೆ ವೈರು ಎಳೆಯುವವರಿಗೆ ಇದು ಇನ್ನೂ ಮುಖ್ಯ. ಚಕ್ರ ವೈರಿನ ಮೇಲೆ ಹತ್ತಿ ಹೊದಿಕೆ ಹರಿಯಬಹುದು, ನೆಲ ಒದ್ದೆ ಇರಬಹುದು. ಮೇಜು ಸರಿಸುವ ಮೊದಲು ಪ್ಲಗ್ ತೆಗೆಯಿರಿ.

"ಮರದ ಧೂಳು ನೈಸರ್ಗಿಕ, ಏನೂ ಆಗುವುದಿಲ್ಲ."
ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರಿಗೂ ವರ್ಷಗಟ್ಟಲೆ ಈ ಧೂಳಿನಲ್ಲಿ ದುಡಿಯುವುದಕ್ಕೂ ಸಂಬಂಧ ಕಂಡುಬಂದಿದೆ. ವಾರಕ್ಕೆ ಎರಡು ಗಂಟೆ ಕೆಲಸ ಮಾಡುವವರಿಗೆ ಇಷ್ಟು ಅಪಾಯವಿಲ್ಲ. ಆದರೂ ಅಸ್ತಮಾ ಇರುವವರಿಗೆ, ಮಕ್ಕಳಿಗೆ ಉಸಿರಿನ ತೊಂದರೆ ಆಗಬಹುದು. ಧೂಳಿನ ಕೆಲಸವನ್ನು ಬಯಲಿಗೆ ಒಯ್ಯಿರಿ, ಮನೆಯ ಕಿಟಕಿ ಮುಚ್ಚಿರಿ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿ. ಕರ್ಚೀಫು ಕಟ್ಟಿದರೆ ನುಣ್ಣನೆಯ ಧೂಳು ಸಂದಿಯಿಂದ ಒಳಹೋಗುತ್ತದೆ. ಒಣ ಪೊರಕೆಯಿಂದ ಗುಡಿಸಬೇಡಿ, ಕೂತ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

"ಕೆಲಸ ಮುಗಿದ ಮೇಲೆ ಒಂದು ತುಂಡು ಬೆಲ್ಲ ತಿಂದರೆ ಶ್ವಾಸಕೋಶ ಶುದ್ಧ."
ಇದರ ಹಿಂದೆ ಒಂದು ಅಧ್ಯಯನವಿರುವುದು ನಿಜ. 1994ರಲ್ಲಿ ಲಖನೌದ ವಿಜ್ಞಾನಿಗಳು ಕಲ್ಲಿದ್ದಲು ಮತ್ತು ಸಿಲಿಕಾ ಧೂಳಿಗೆ ಒಡ್ಡಿದ ಇಲಿಗಳಲ್ಲಿ ಬೆಲ್ಲದಿಂದ ಸ್ವಲ್ಪ ಅನುಕೂಲ ಕಂಡಿತೆಂದು ವರದಿ ಮಾಡಿದ್ದರು. ಅದು ಇಲಿಗಳ ಮೇಲಿನ ಪ್ರಯೋಗ, ಧೂಳೂ ಬೇರೆ. ಮರಗೆಲಸದವರಿಗೆ ಬೆಲ್ಲವೇ ರಕ್ಷಣೆ ಎಂದು ಅದರಿಂದ ಹೇಳಲಾಗದು. ರುಚಿಗೆ ಬೆಲ್ಲ ತಿನ್ನಿ, ರಕ್ಷಣೆಗೆ ಮಾಸ್ಕ್ ಹಾಕಿ.

"ಎಣ್ಣೆ ಒರೆಸಿದ ಬಟ್ಟೆ ಮೂಲೆಯಲ್ಲಿ ಬಿದ್ದಿರಲಿ, ನಾಳೆ ನೋಡೋಣ."
ಮೇಜಿಗೆ ಅಗಸೆ ಎಣ್ಣೆ ಹಚ್ಚಿದರೆ ಇದನ್ನು ಮರೆಯಬೇಡಿ. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಬಿಸಿಯಾಗುತ್ತದೆ. ಮುದ್ದೆ ಮಾಡಿದ ಬಟ್ಟೆಯಲ್ಲಿ ಆ ಬಿಸಿ ಹೊರಹೋಗದೆ ಬೆಂಕಿ ತಾನಾಗಿ ಹತ್ತಿಕೊಳ್ಳಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಝಾ ಎಂಬ ಬಹುಮಹಡಿ ಕಟ್ಟಡ ಹೊತ್ತಿ ಉರಿದದ್ದು ಇಂಥ ಬಟ್ಟೆಗಳಿಂದಲೇ. ಮೂವರು ಅಗ್ನಿಶಾಮಕ ಸಿಬ್ಬಂದಿ ಜೀವ ಕಳೆದುಕೊಂಡರು. ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿಯ ಮೇಲೆ ಒಣಹಾಕಿ, ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಬಿಸಾಡಿ. ಪೆಟ್ರೋಲ್ ತುಂಬಿದ ವಾಹನ ನಿಲ್ಲುವ ಶೆಡ್ಡಿನಲ್ಲಂತೂ ಇದರಲ್ಲಿ ಉದಾಸೀನ ಸಲ್ಲದು.

ಕಳುಹಿಸುವುದಾದರೆ ಇದನ್ನು ಕಳುಹಿಸಿ

- ಚಕ್ರ ಸರಿಸಲು, ಕಾಲು ಕೆಲಸಕ್ಕೆ. ಬ್ರೇಕನ್ನು ನಂಬಿ ಗರಗಸ ಓಡಿಸಬೇಡಿ.
- ಭಾರವನ್ನು ಮೂರರಿಂದ ಭಾಗಿಸಿ ಚಕ್ರ ಆರಿಸಿ.
- ಹಿಂಬದಿಯ ಹಲಗೆ ಇಲ್ಲದ ಮೇಜು ತೂಗಾಡುತ್ತದೆ.
- ಉದ್ದದ ದಿಕ್ಕಿಗೆ ತಳ್ಳಿ, ಮೊದಲು ಪ್ಲಗ್ ತೆಗೆಯಿರಿ.
- ಧೂಳಿಗೆ ಮಾಸ್ಕ್, ಶಾಕಿಗೆ ಆರ್‌ಸಿಸಿಬಿ, ಎಣ್ಣೆಬಟ್ಟೆಗೆ ತಂತಿ.

ಈಗಾಗಲೇ ನಾಲ್ಕು ಚಕ್ರದ ಮೇಜು ಮಾಡಿಕೊಂಡಿದ್ದರೆ ಅದನ್ನು ಎಸೆಯಬೇಕಿಲ್ಲ. ಕೆಲಸ ಮಾಡುವಾಗ ಎರಡೂ ತುದಿಗಳಲ್ಲಿ ಕೆಳಗಿನ ಅಡ್ಡಪಟ್ಟಿಯ ಅಡಿಗೆ ಒಂದೊಂದು ಗಟ್ಟಿ ತೊಲೆಯ ತುಂಡನ್ನು ಸೇರಿಸಿ, ಬೆಣೆಯಿಂದ ಬಿಗಿ ಮಾಡಿ, ಭಾರ ಚಕ್ರದಿಂದ ಮರಕ್ಕೆ ಇಳಿಯುವಂತೆ ನೋಡಿಕೊಳ್ಳಿ. ಆಮೇಲೆ ಮೇಜಿನ ಅಂಚು ಹಿಡಿದು ಜೋರಾಗಿ ತಳ್ಳಿ. ಮೇಜು ಕದಲದಿದ್ದರೆ ಗರಗಸ ಕೈಗೆತ್ತಿಕೊಳ್ಳಬಹುದು.